ಕಾರು ಬಿಟ್ಟು ಹೊರಡುವ ಮುನ್ನ ಬ್ಯಾಟರಿಗೆ ಮಾಡಿದ ಏರ್ಪಾಡು

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ಗೋಕುಲಂ ಕಡೆ ಒಂದು ಸುತ್ತು ನಡೆದು ಬಂದರೆ, ಬೀಗ ಹಾಕಿದ ಗೇಟಿನೊಳಗೆ ಬೂದು ಬಣ್ಣದ ಹೊದಿಕೆ ಹೊದ್ದು ನಿಂತ ಕಾರುಗಳು ಕಾಣುತ್ತವೆ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳಲಿಕ್ಕೋ ಅಮೆರಿಕ, ಆಸ್ಟ್ರೇಲಿಯಾ ಎಂದು ಹೋದವರ ಕಾರುಗಳು ಅವು. ಐದಾರು ತಿಂಗಳ ಮೇಲೆ ಮನೆಯವರು ಮರಳುತ್ತಾರೆ, ಹಿಂದೆಯೇ ಬ್ಯಾಟರಿ ಅಂಗಡಿಯ ಹುಡುಗ ಹೊಸ ಬ್ಯಾಟರಿಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಬರುತ್ತಾನೆ. ಈ ಖರ್ಚನ್ನು ಪ್ರಯಾಣದ ಖರ್ಚಿನ ಜೊತೆಗೇ ಸೇರಿಸಿ ಲೆಕ್ಕ ಹಾಕಿಬಿಡುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಚೆನ್ನಾಗಿರುವ ಬ್ಯಾಟರಿ ಆರು ತಿಂಗಳು ಸುಮ್ಮನೆ ಇಟ್ಟ ಮಾತ್ರಕ್ಕೆ ಹಾಳಾಗುವುದಿಲ್ಲ. ಅದನ್ನು ಹಾಳು ಮಾಡುವುದು ಅರೆಹೊಟ್ಟೆಯಲ್ಲಿ ಬಿದ್ದಿರುವ ಸ್ಥಿತಿ. ತುಂಬಿಸಿ ಇಡಬೇಕು, ತುಂಬಿದ್ದನ್ನು ಸೋರದಂತೆ ನೋಡಿಕೊಳ್ಳಬೇಕು, ನಡುವೆ ಒಂದೆರಡು ಬಾರಿ ಮತ್ತೆ ತುಂಬಿಸಬೇಕು. ನಾನು ಪ್ರೌಢಶಾಲೆಯಲ್ಲಿ ವರ್ಷಾನುಗಟ್ಟಲೆ ವಿಜ್ಞಾನ ಪಾಠ ಮಾಡಿದವಳು. ಸೀಸ ಮತ್ತು ಆಮ್ಲದ ಕೋಶವನ್ನು ಕರಿಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೋ. ಕಳೆದ ಸಲ ಮಗಳ ಮನೆಗೆ ಹೊರಟಾಗ ನಮ್ಮ ಕಾರಿನ ಬ್ಯಾಟರಿಗೆ ಏನೇನು ಮಾಡಿದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೊರಡುವವರ ಪಟ್ಟಿಯಲ್ಲಿ ಹಾಲು, ಪತ್ರಿಕೆ, ಗ್ಯಾಸ್, ಸಂಪಿನ ನೀರು ಎಲ್ಲ ಮುಗಿದ ಮೇಲೆ ಕೊನೆಗೆ ಕಾರು ಬರುತ್ತದೆ. ಬ್ಯಾಟರಿಯನ್ನು ಮಾತ್ರ ಆ ಪಟ್ಟಿಯ ಮೇಲ್ತುದಿಗೆ ತರಬೇಕು. ಚಾರ್ಜ್ ಆಗಲು ಒಂದು ರಾತ್ರಿ ಬೇಕು, ಚಾರ್ಜ್ ಆದ ಮೇಲೆ ವಿಶ್ರಾಂತಿಗೆ ಬಿಟ್ಟು ಅಳೆಯಲು ಇನ್ನೊಂದು ರಾತ್ರಿ ಬೇಕು. ಅಳೆದಾಗ ಏನಾದರೂ ಕೊರತೆ ಕಂಡರೆ ಅದನ್ನು ಸರಿಪಡಿಸಲೂ ಸಮಯ ಉಳಿದಿರಬೇಕು. ಸೂಟ್‌ಕೇಸ್ ತೂಗುವ ಗಡಿಬಿಡಿಯಲ್ಲಿ ಇದು ಆಗುವ ಕೆಲಸವಲ್ಲ.

ಹೊರಡುವ ಸುದ್ದಿ ತಿಳಿದೊಡನೆ ಸಲಹೆಗಳು ಬಂದವು. ‘ವಾರಕ್ಕೊಂದು ಸಲ ಯಾರಿಂದಲಾದರೂ ಹತ್ತು ನಿಮಿಷ ಸ್ಟಾರ್ಟ್ ಮಾಡಿಸಿ’ ಎಂಬುದು ಮೊದಲನೆಯದು. ಈ ಸಲಹೆ ಊರಲ್ಲೆಲ್ಲ ಇದೆ, ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯಿಂದ ಹೋಗುವ ವಿದ್ಯುತ್ತು ನೂರಾರು ಆಂಪಿಯರ್ ಆದರೂ ಅದು ಒಂದೆರಡು ಸೆಕೆಂಡಿನ ಮಾತು, ಅಷ್ಟನ್ನು ಎಂಜಿನ್ ಬೇಗ ತುಂಬಿಸಿಬಿಡುತ್ತದೆ. ಆದರೆ ವಾರವಿಡೀ ಸೋರಿಹೋದದ್ದು ಐಡ್ಲಿಂಗಿನ ಹತ್ತು ನಿಮಿಷದಲ್ಲಿ ಬರುವುದಿಲ್ಲ. ಬ್ಯಾಟರಿ ಕೊನೆಯ ಐದನೇ ಒಂದು ಭಾಗವನ್ನು ಬಹಳ ನಿಧಾನವಾಗಿ, ಗಂಟೆಗಟ್ಟಲೆ ಎಳೆದುಕೊಳ್ಳುತ್ತದೆ. ಹೀಗಾಗಿ ಪ್ರತಿ ವಾರ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತಾ ಹೋಗುತ್ತದೆ. ಅತ್ತ ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ತೇವ ಉಳಿಯುತ್ತದೆ. ನಂಬಿಕಸ್ಥರೊಬ್ಬರು ವಾರಕ್ಕೊಮ್ಮೆ ರಿಂಗ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿಕೊಂಡು ಬರುವುದಾದರೆ ಸಂತೋಷ, ಆಗ ಬ್ಯಾಟರಿಗೆ ಬೇರೆ ಆರೈಕೆಯೇ ಬೇಡ. ನಮಗೆ ಅಂಥವರು ಇರಲಿಲ್ಲ. ನಮ್ಮ ಮನೆಯವರಿಗೆ ಡ್ರೈವಿಂಗ್ ಬಾರದು, ಅವರೂ ನನ್ನ ಜೊತೆಗೇ ಹೊರಟಿದ್ದರು.

ಎರಡನೆಯ ಸಲಹೆ ಬ್ಯಾಟರಿ ಅಂಗಡಿಯವರದು. ಆರ್‌ಟಿಒ ವೃತ್ತದ ಕಡೆ ನಾನು ಯಾವಾಗಲೂ ಹೋಗುವ ಅಂಗಡಿ ಅದು. ‘ಮೈನಸ್ ಟರ್ಮಿನಲ್ ಕಳಚಿಟ್ಟು ಹೋಗಿ ಮೇಡಂ, ಸಾಕು’ ಎಂದರು.

‘ಕಳಚಿದರೆ ಕಾರಿಗೆ ಹೋಗುವುದು ನಿಲ್ಲುತ್ತದೆ, ಸರಿ. ಬ್ಯಾಟರಿ ತನ್ನೊಳಗೇ ಇಳಿಯುವುದು ನಿಲ್ಲುತ್ತದೆಯೇ?’ ಎಂದು ಕೇಳಿದೆ.

ಅವರು ನಗಲಿಲ್ಲ, ಗಂಭೀರವಾಗಿಯೇ ಉತ್ತರಿಸಿದರು. ‘ಅದು ನಿಲ್ಲುವುದಿಲ್ಲ ಮೇಡಂ. ಆದರೆ ಅಷ್ಟು ತಲೆಕೆಡಿಸಿಕೊಳ್ಳುವವರು ಯಾರಿದ್ದಾರೆ? ಇಲ್ಲಿಗೆ ಬರುವವರು ಕಳಚುವುದನ್ನೂ ಮಾಡಿರುವುದಿಲ್ಲ.’

ಕಳಚುವುದು ಬೇಕೇ ಬೇಕು. ಅದು ಮೊದಲ ಹೆಜ್ಜೆ. ಅದೊಂದೇ ಸಾಲದು ಎಂಬುದು ನನ್ನ ಮಾತು. ಅರ್ಧ ಇಳಿದ ಬ್ಯಾಟರಿಯನ್ನು ಕಳಚಿಟ್ಟರೆ ಅದು ಅರ್ಧ ಇಳಿದೇ ಕೂತಿರುತ್ತದೆ.

ಮೊದಲು ನಮ್ಮ ಕಾರು ನಿಂತಲ್ಲೇ ಎಷ್ಟು ಕುಡಿಯುತ್ತದೆ ಎಂದು ನೋಡಬೇಕೆನಿಸಿತು. ಬೀಗ ಹಾಕಿ ನಿಲ್ಲಿಸಿದ ಕಾರು ಪೂರ್ತಿ ನಿದ್ದೆ ಮಾಡುವುದಿಲ್ಲ. ಗಡಿಯಾರ, ರಿಮೋಟ್ ಬೀಗದ ರಿಸೀವರ್, ಅಲಾರಂ, ಎಂಜಿನ್ ಕಂಪ್ಯೂಟರಿನ ನೆನಪು ಇವೆಲ್ಲ ಒಂದಿಷ್ಟು ಎಳೆಯುತ್ತಲೇ ಇರುತ್ತವೆ. ಮನೆಯಲ್ಲಿದ್ದ ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಚುಚ್ಚಿ, ಕಳಚಿದ ಮೈನಸ್ ಕೇಬಲ್ಲಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಮೀಟರನ್ನು ಸೇರಿಸಿದೆ. ಕೀಲಿಯನ್ನು ಮೊದಲೇ ಮನೆಯೊಳಗೆ ಇಟ್ಟು ಬಂದಿದ್ದೆ, ಬಾಗಿಲುಗಳೆಲ್ಲ ಮುಚ್ಚಿದ್ದವು. ಮೀಟರ್ ಈ ರೀತಿ ನಡುವೆ ಇರುವಾಗ ಯಾರೂ ಇಗ್ನಿಷನ್ ತಿರುಗಿಸಬಾರದು, ಸೆಲ್ಫ್ ಹೊಡೆಯಲಂತೂ ಕೂಡದು. ಒಡನೆಯೇ ಮೀಟರಿನ ಫ್ಯೂಸ್ ಹೋಗುತ್ತದೆ.

ಮೊದಲು ಅಂಕೆ ಜೋರಾಗಿತ್ತು, 200 ಮಿಲಿ ಆಂಪಿಯರಿಗೂ ಮೇಲೆ. ಅಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಕಾರಿನ ಒಳಗಿನ ಪುಟ್ಟ ಕಂಪ್ಯೂಟರುಗಳು ಒಂದೊಂದಾಗಿ ಮಲಗಲು ಸಮಯ ಬೇಕು. ನೋಡುತ್ತಿದ್ದಂತೆಯೇ ಅಂಕೆ ಒಮ್ಮೆ ಧೊಪ್ಪೆಂದು ಬಿತ್ತು, ಸ್ವಲ್ಪ ಹೊತ್ತು ನಿಂತಿತು, ಮತ್ತೆ ಬಿತ್ತು, ಕೊನೆಗೆ 30ರ ಆಸುಪಾಸಿನಲ್ಲಿ ನೆಲೆಯಾಯಿತು. ಬಹುತೇಕ ಕಾರುಗಳಲ್ಲಿ 50 ಮಿಲಿ ಆಂಪಿಯರ್ ಒಳಗಿದ್ದರೆ ಯಾವ ದೋಷವೂ ಇಲ್ಲವೆಂದೇ ಅರ್ಥ. ಇನ್ನು ಲೆಕ್ಕ ಹಾಕಿ. 30 ಮಿಲಿ ಆಂಪಿಯರ್ ಎಂದರೆ ದಿನಕ್ಕೆ 0.72 ಆಂಪಿಯರ್ ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್ ಅವರ್). ನಮ್ಮದು ಸಣ್ಣ ಪೆಟ್ರೋಲ್ ಕಾರು, ಬ್ಯಾಟರಿ 35 ಆಂಪಿಯರ್ ಅವರ್. 25 ದಿನದಲ್ಲಿ 18 ಹೋಯಿತು, ಅಂದರೆ ಅರ್ಧ ಖಾಲಿ. ಯಾವ ದೋಷವೂ ಇಲ್ಲದ ಕಾರಿನ ಕತೆ ಇದು. ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್ ಹಾಕಿಸಿದವರ ಕಾರಿನಲ್ಲಿ ಇನ್ನೂ ಬೇಗ. ಎರಡು ತಿಂಗಳಿಗೆ ಪೂರ್ತಿ ಬತ್ತಿ, ಮಿಕ್ಕ ನಾಲ್ಕು ತಿಂಗಳು ಆ ಬ್ಯಾಟರಿ ಬರಿದಾಗಿಯೇ ಬಿದ್ದಿರುತ್ತದೆ. ಬ್ಯಾಟರಿ ಹಾಳಾಗುವುದು ಆ ನಾಲ್ಕು ತಿಂಗಳಲ್ಲಿ.

ಏಕೆ ಹಾಳಾಗುತ್ತದೆ ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಈ ಕೋಶದ ಒಳಗಿನ ರಸಾಯನ ಇಂದಿಗೂ ಅದೇ. ಒಂದು ಫಲಕ ಸೀಸದ ಡೈಆಕ್ಸೈಡ್, ಇನ್ನೊಂದು ಸ್ಪಂಜಿನಂಥ ಶುದ್ಧ ಸೀಸ, ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ತು ಕೊಡುತ್ತಾ ಹೋದಂತೆ ಎರಡೂ ಫಲಕಗಳು ಸೀಸದ ಸಲ್ಫೇಟ್ ಆಗುತ್ತವೆ. ಆಮ್ಲ ಖರ್ಚಾಗಿ ನೀರು ಹೆಚ್ಚುತ್ತದೆ. ಚಾರ್ಜ್ ಮಾಡಿದರೆ ಎಲ್ಲವೂ ಹಿಂದಕ್ಕೆ ಬರುತ್ತದೆ. ಇದರ ಸೊಗಸೇ ಅದು, ಹೋದದ್ದು ಮರಳುತ್ತದೆ. ಆದರೆ ಹಾಗೆ ಮರಳಬೇಕಾದರೆ ಸಲ್ಫೇಟ್ ಆಗಷ್ಟೇ ಮೂಡಿದ ನಯವಾದ ಹುಡಿಯಾಗಿರಬೇಕು. ಸಕ್ಕರೆ ಪಾಕವನ್ನು ಅಲುಗಿಸದೆ ಬಿಟ್ಟರೆ ಸಣ್ಣ ಹರಳು ಕೂಡಿ ಕಲ್ಲುಸಕ್ಕರೆಯಾಗುವಂತೆ, ವಾರಗಟ್ಟಲೆ ಇಳಿದೇ ಬಿದ್ದ ಬ್ಯಾಟರಿಯಲ್ಲಿ ಆ ಸಲ್ಫೇಟ್ ದಪ್ಪ ಹರಳಾಗಿ ಫಲಕಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಕರಗುವುದಿಲ್ಲ. ಹರಳು ಕಟ್ಟಿದಷ್ಟು ಭಾಗ ಇನ್ನು ಕೆಲಸಕ್ಕೆ ಬಾರದು.

ತುಂಬಿದೆಯೋ ಇಲ್ಲವೋ ತಿಳಿಯಲು ವೋಲ್ಟೇಜ್ ನೋಡಬೇಕು. ಕಾರು ಓಡಿಸಿ ಬಂದ ಕೂಡಲೇ ನೋಡಿದರೆ ಅಂಕೆ ಏರಿರುತ್ತದೆ, ಅದನ್ನು ನಂಬಬಾರದು. ರಾತ್ರಿಯಿಡೀ ಬಿಟ್ಟು ಬೆಳಗ್ಗೆ, ಬಾಗಿಲು ತೆರೆಯುವ ಮುನ್ನ ನೋಡಬೇಕು. 12.6 ವೋಲ್ಟ್ ಅಥವಾ ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12 ಎಂದರೆ ಕಾಲು ಭಾಗ. 11.8ಕ್ಕೆ ಬಂತೆಂದರೆ ಬರಿದು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟ್ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಇದನ್ನು ಗಮನಿಸಬೇಕು.

ನಮ್ಮದು ಆ ಬೆಳಗ್ಗೆ 12.32 ತೋರಿಸಿತು. ದಿನವೂ ಓಡುವ ಕಾರು, ಸರಾಗವಾಗಿ ಸ್ಟಾರ್ಟ್ ಆಗುತ್ತಿತ್ತು, ಆದರೂ ಮೂರನೇ ಒಂದು ಭಾಗ ಖಾಲಿ. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಓಡಾಟವೆಲ್ಲ ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ, ಅಲ್ಲಿಂದ ಅಗ್ರಹಾರಕ್ಕೆ, ಮತ್ತೆ ಮನೆಗೆ. ಎಸಿ ಹಾಕಿಕೊಂಡು, ಸಿಗ್ನಲ್ಲಿನಲ್ಲಿ ನಿಂತು ನಿಂತು ಹೋಗುವ ಇಂಥ ಓಡಾಟದಲ್ಲಿ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ನಿನ್ನೆಯವರೆಗೂ ಚೆನ್ನಾಗಿ ಓಡುತ್ತಿತ್ತು ಎಂಬ ನಂಬಿಕೆಯಲ್ಲಿ ಹಾಗೆಯೇ ಬಿಟ್ಟು ಹೋಗುವುದು ಇದಕ್ಕಾಗಿಯೇ ಅಪಾಯ.

ಇಳಿಸುವ ಕೆಲಸಕ್ಕೆ ಕೈಹಾಕುವ ಮುನ್ನ ಬಟ್ಟೆ ಬದಲಿಸಿದೆ. ಹಳೆಯ ಸಿಂಥೆಟಿಕ್ ಚೂಡಿದಾರ, ರಬ್ಬರ್ ಕೈಗವಸು, ಕನ್ನಡಕ. ಹತ್ತಿ ಬಟ್ಟೆಯ ಮೇಲೆ ಆಮ್ಲದ ಹನಿ ಬಿದ್ದರೆ ಆಗ ಏನೂ ಕಾಣುವುದಿಲ್ಲ, ಒಗೆದು ಹರವಿದಾಗ ಸಾಲು ತೂತು ಕಾಣುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಸಾಕಷ್ಟು ನೋಡಿದ್ದೇನೆ. ಪಕ್ಕದಲ್ಲೇ ಒಂದು ಬಕೆಟ್ ನೀರು ಇಟ್ಟುಕೊಂಡೆ. ಬಳೆ, ಸರ ತೆಗೆದಿಟ್ಟೆ. ಇದು ಮುಖ್ಯ, ಲೋಹದ ಬಳೆ ಎರಡು ಕಡೆ ತಾಗಿತೆಂದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ.

ಕಳಚುವಾಗ ಮೈನಸ್ ಮೊದಲು, ಆಮೇಲೆ ಪ್ಲಸ್. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಇದಕ್ಕೆ ಕಾರಣ ಇದೆ. ಕಾರಿನ ಇಡೀ ಮೈ ಮೈನಸ್ಸಿಗೆ ಸೇರಿರುತ್ತದೆ. ಮೈನಸ್ ಇದ್ದಾಗಲೇ ಪ್ಲಸ್ ಬಿಚ್ಚಲು ಹೊರಟು ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಆ ಸ್ಪ್ಯಾನರಿನ ಮೂಲಕ ಹರಿಯುತ್ತದೆ. ಮೈನಸ್ ತೆಗೆದಾಗಿದ್ದರೆ ತಾಗಿದರೂ ಏನೂ ಆಗದು. ನಮ್ಮ ಕಾರಿಗೆ ಹತ್ತರ ಸ್ಪ್ಯಾನರ್ ಸಾಕಾಯಿತು. ನಟ್ಟು ಸಡಿಲವಾದ ಮೇಲೆ ಕ್ಲ್ಯಾಂಪನ್ನು ಎಳೆದಾಡದೆ, ಸುತ್ತಲೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎತ್ತಬೇಕು. ಕಂಬ ಸೀಸದ್ದು, ಮೆದು. ಸುತ್ತಿಗೆಯಲ್ಲಿ ಬಡಿಯುವವರನ್ನು ನೋಡಿದ್ದೇನೆ, ಕಂಬ ಸಡಿಲವಾಗಿ ಬುಡದಿಂದ ಆಮ್ಲ ಒಸರಲು ಅಷ್ಟೇ ಸಾಕು.

ಪ್ಲಸ್ ಕಂಬದ ಸುತ್ತ ಬಿಳಿ ಪುಡಿ ಕಟ್ಟಿತ್ತು, ಕೇಬಲ್ಲಿನ ತಾಮ್ರಕ್ಕೆ ತಾಗಿದ ಕಡೆ ಅದು ಹಸಿರು ಮಿಶ್ರಿತ ನೀಲಿ. ಒಂದು ಲೋಟ ನೀರಿಗೆ ದೊಡ್ಡ ಚಮಚದಷ್ಟು ಅಡಿಗೆ ಸೋಡಾ ಹಾಕಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದ್ದಿ ತಿಕ್ಕಿದೆ. ಬಿದ್ದ ಕಡೆಯೆಲ್ಲ ಸೊರ್ರೆಂದು ನೊರೆ ಎದ್ದಿತು. ನೊರೆ ನಿಂತರೆ ಆಮ್ಲವೂ ತೀರಿತು ಎಂದರ್ಥ. ಈ ಸೋಡಾ ನೀರು ಬ್ಯಾಟರಿಯ ಒಳಗೆ ಒಂದು ಹನಿಯೂ ಹೋಗಬಾರದು, ಅಲ್ಲಿ ಬೇಕಾದ ಆಮ್ಲವನ್ನೂ ಅದು ಕೊಲ್ಲುತ್ತದೆ. ಆದ್ದರಿಂದ ಮೇಲಿನ ಮುಚ್ಚಳಗಳನ್ನು ಮೊದಲೇ ಬಿಗಿಮಾಡಿದ್ದೆ. ಒದ್ದೆ ಬಟ್ಟೆಯಿಂದ, ಆಮೇಲೆ ಒಣಬಟ್ಟೆಯಿಂದ ಇಡೀ ಮೇಲ್ಮೈ ಒರೆಸಿದೆ. ಈ ಒರೆಸುವುದು ಅಂದಕ್ಕಾಗಿ ಮಾಡುವ ಕೆಲಸವೆಂದು ಯಾರೂ ಭಾವಿಸಬೇಡಿ. ಎರಡು ಕಂಬಗಳ ನಡುವೆ ಧೂಳು ಮತ್ತು ಆಮ್ಲದ ತೇವ ಸೇರಿದ ಪದರವಿದ್ದರೆ ಅದರ ಮೂಲಕವೂ ವಿದ್ಯುತ್ತು ಸಣ್ಣಗೆ ಹರಿಯುತ್ತಲೇ ಇರುತ್ತದೆ.

ಬ್ಯಾಟರಿ ಎತ್ತುವಾಗ ಸಹಾಯಕ್ಕೆ ಮೇಲಿನ ಮನೆಯ ಹುಡುಗನನ್ನು ಕರೆದೆ. 35ರ ಬ್ಯಾಟರಿ ಹತ್ತು ಕೆ.ಜಿ. ಹತ್ತಿರ ತೂಗುತ್ತದೆ, ಬಗ್ಗಿ ಎತ್ತುವುದು ಬೆನ್ನಿಗೆ ಒಳ್ಳೆಯದಲ್ಲ. ‘ಓರೆ ಮಾಡಬೇಡಪ್ಪಾ, ನೇರವಾಗಿಯೇ ಹಿಡಿದುಕೋ’ ಎಂದೆ. ‘ಆಯಿತು ಆಂಟಿ’ ಎಂದು ಎರಡು ಕೈಯಲ್ಲಿ ಹಿಡಿದು ಪೋರ್ಟಿಕೋದ ಜಗಲಿಗೆ ತಂದಿಟ್ಟ.

ನಮ್ಮದು ಮುಚ್ಚಳ ತೆಗೆದು ನೀರು ಹಾಕುವ ಬಗೆಯ ಬ್ಯಾಟರಿ. ಸೀಲ್ ಮಾಡಿದ ಬ್ಯಾಟರಿ ಇರುವವರಿಗೆ ಈ ಕೆಲಸವಿಲ್ಲ, ಅದನ್ನು ಬಲವಂತವಾಗಿ ತೆರೆಯಲೂ ಬಾರದು. ಆರು ಕೋಶಗಳಲ್ಲಿ ಎರಡರಲ್ಲಿ ಮಟ್ಟ ಕಡಿಮೆ ಇತ್ತು, ಆದರೆ ಫಲಕಗಳು ಮುಳುಗಿಯೇ ಇದ್ದವು. ಹಾಗಾಗಿ ಚಾರ್ಜಿಗೆ ಮುನ್ನ ನೀರು ಹಾಕಲಿಲ್ಲ. ಚಾರ್ಜ್ ಆಗುವಾಗ ದ್ರವ ಹಿಗ್ಗುತ್ತದೆ, ಮೊದಲೇ ಪೂರ್ತಿ ತುಂಬಿಸಿದರೆ ಉಕ್ಕಿ ಹೊರಬರುತ್ತದೆ. ಫಲಕ ಗಾಳಿಗೆ ತೆರೆದುಕೊಂಡಿದ್ದರೆ ಮಾತ್ರ ಮುಳುಗುವಷ್ಟು ಮೊದಲೇ ಹಾಕಬೇಕು. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಮನೆಯಲ್ಲಿ ಯುಪಿಎಸ್ ಇರುವವರಿಗೆಲ್ಲ ಆ ಕ್ಯಾನ್ ಪರಿಚಿತವೇ. ನಲ್ಲಿಯ ಕಾವೇರಿ, ಕಬಿನಿ ನೀರು ಕುಡಿಯಲು ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿರುವ ಲವಣ ಫಲಕಕ್ಕೆ ವಿಷ. ಆರ್‌ಒ ನೀರು, ಕಾಯಿಸಿ ಆರಿಸಿದ ನೀರು ಇವೂ ನಡೆಯುವುದಿಲ್ಲ. ಆಮ್ಲವನ್ನಂತೂ ಎಂದಿಗೂ ಸೇರಿಸಬಾರದು. ಬಳಕೆಯಲ್ಲಿ ಹೋಗುವುದು ನೀರು, ಆಮ್ಲ ಒಳಗೇ ಇರುತ್ತದೆ.

ಚಾರ್ಜಿಗೆ ಎರಡು ದಾರಿ ಇದ್ದವು. ಅಂಗಡಿಯಲ್ಲಿ ಕೊಟ್ಟರೆ ಚಾರ್ಜ್ ಮಾಡಿಕೊಡುತ್ತಾರೆ. ಆಗ ‘ಬೂಸ್ಟ್ ಬೇಡ, ನಿಧಾನವಾಗಿ ರಾತ್ರಿಯಿಡೀ ಹಾಕಿ’ ಎಂದು ಬಾಯಿಬಿಟ್ಟು ಹೇಳಬೇಕು. ತರಾತುರಿಯಲ್ಲಿ ಹೆಚ್ಚು ಆಂಪಿಯರ್ ತುರುಕಿದರೆ ಬ್ಯಾಟರಿ ಬಿಸಿಯಾಗುತ್ತದೆ, ಮೇಲ್ಮೈ ಮಾತ್ರ ತುಂಬುತ್ತದೆ. ಬ್ಯಾಟರಿಯ ಮೇಲೆ ಬರೆದ ಅಂಕೆಯ ಹತ್ತನೇ ಒಂದು ಭಾಗ, ಅಂದರೆ 35ಕ್ಕೆ ಮೂರೂವರೆ ಆಂಪಿಯರ್, ಇದು ಹಳೆಯ ಒಳ್ಳೆಯ ನಿಯಮ. ನಾನು ಎರಡನೆಯ ದಾರಿ ಹಿಡಿದೆ. ತಾನೇ ಹಂತ ಹಂತವಾಗಿ ಕಡಿಮೆ ಮಾಡಿಕೊಳ್ಳುವ ಸಣ್ಣ ಚಾರ್ಜರೊಂದನ್ನು ಕೊಂಡೆ. ನಡುವೆ ಮತ್ತೆ ಚಾರ್ಜ್ ಮಾಡಲೇಬೇಕಿದ್ದರಿಂದ ಅದು ದಂಡವಲ್ಲ ಎನಿಸಿತು. ಮನೆಯ ಯುಪಿಎಸ್ಸಿಗೇ ಸಿಕ್ಕಿಸಿಬಿಡಿ ಎಂದು ಒಬ್ಬರು ಹೇಳಿದ್ದರು. ಯುಪಿಎಸ್ 150 ಆಂಪಿಯರ್ ಅವರಿನ ದೊಡ್ಡ ಟ್ಯೂಬುಲರ್ ಬ್ಯಾಟರಿಗೆ ತಕ್ಕಂತೆ ಇರುತ್ತದೆ, ಅದು ಕೊಡುವ ಕರೆಂಟು ಕಾರಿನ ಸಣ್ಣ ಬ್ಯಾಟರಿಗೆ ತೀರ ಹೆಚ್ಚು. ಹಾಗೆ ಮಾಡಬಾರದು.

ಚಾರ್ಜ್ ಮಾಡುವಾಗ ಹೈಡ್ರೋಜನ್ ಹೊರಬರುತ್ತದೆ, ಒಂದು ಕಿಡಿ ಸಾಕು. ಅದಕ್ಕೇ ಮೂರು ಕಡೆ ತೆರೆದ ಪೋರ್ಟಿಕೋದಲ್ಲಿ ಇಟ್ಟೆ. ಮೊದಲು ಕ್ಲಿಪ್ಪುಗಳನ್ನು ಬ್ಯಾಟರಿಗೆ ಸಿಕ್ಕಿಸಿ ಆಮೇಲೆ ಗೋಡೆಯ ಸ್ವಿಚ್ ಹಾಕಿದೆ, ತೆಗೆಯುವಾಗ ಮೊದಲು ಸ್ವಿಚ್ ಆರಿಸಿದೆ. ಕ್ರಮ ತಪ್ಪಿದರೆ ಕಿಡಿ ಹಾರುವುದು ಬ್ಯಾಟರಿಯ ಮೇಲೇ. ಬಳಿಯಲ್ಲಿ ಬೆಂಕಿಕಡ್ಡಿ, ದೀಪ, ಊದುಬತ್ತಿ ಯಾವುದೂ ಬೇಡ. ಸಂಜೆ ತುಳಸಿಕಟ್ಟೆಗೆ ದೀಪ ಇಡುವ ಹೊತ್ತಿಗೆ ನಮ್ಮ ಮನೆಯವರಿಗೆ ಇದನ್ನು ಹೇಳಿ, ಅಂದು ದೀಪವನ್ನು ದೇವರ ಮನೆಯಲ್ಲೇ ಇರಿಸಿದೆವು.

ಬೆಳಗ್ಗೆ ಹಸಿರು ದೀಪ ಬಂದಿತ್ತು. ಮಟ್ಟ ಕಡಿಮೆ ಇದ್ದ ಎರಡು ಕೋಶಗಳಿಗೆ ಗುರುತಿನ ತನಕ ಡಿಸ್ಟಿಲ್ಡ್ ವಾಟರ್ ಹಾಕಿ, ಅದು ಬೆರೆಯಲೆಂದು ಇನ್ನೂ ಸ್ವಲ್ಪ ಹೊತ್ತು ಚಾರ್ಜ್ ಕೊಟ್ಟು, ಪೂರ್ತಿ ಒಂದು ದಿನ ಮುಟ್ಟದೆ ಬಿಟ್ಟೆ. ಆಮೇಲೆ ಹೈಡ್ರೋಮೀಟರ್, ಒಳಗಿನ ದ್ರವದ ಸಾಪೇಕ್ಷ ಸಾಂದ್ರತೆಯನ್ನು, ಅಂದರೆ ಅದು ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದನ್ನು ಅಳೆಯುವ ಸಾಧನ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗಾಜಿನ ಕೊಳವೆ, ತಲೆಗೆ ರಬ್ಬರಿನ ಬುರುಡೆ. ಒಂದೊಂದು ಕೋಶದಿಂದ ಸ್ವಲ್ಪ ದ್ರವ ಹೀರಿ, ಒಳಗಿನ ತೇಲು ಎಲ್ಲಿ ನಿಲ್ಲುತ್ತದೆಂದು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದೆ. ಆರರಲ್ಲೂ 1.265ರ ಆಸುಪಾಸು. ಆರು ಕೋಶಗಳು ಒಂದೇ ಅಂಕೆ ಹೇಳಿದಾಗ ನನಗಾದ ಸಂತೋಷ ದೊಡ್ಡದು. ಯಾವುದಾದರೂ ಒಂದು ಕೋಶ ಉಳಿದವಕ್ಕಿಂತ 0.050ಕ್ಕೂ ಹೆಚ್ಚು ಕೆಳಗಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿಯುತ್ತಾ ಬಂದಿದೆ ಎಂದು ತಿಳಿಯಬೇಕು. ಅಂಥದ್ದನ್ನು ಇಷ್ಟೆಲ್ಲ ಜೋಪಾನ ಮಾಡಿ ಫಲವಿಲ್ಲ. ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದ ಒಂದು ಲೆಕ್ಕವಿದೆ: ಸಾಪೇಕ್ಷ ಸಾಂದ್ರತೆಗೆ 0.84 ಕೂಡಿಸಿದರೆ ಒಂದು ಕೋಶದ ವೋಲ್ಟೇಜ್ ಹೆಚ್ಚುಕಡಿಮೆ ಸಿಗುತ್ತದೆ. 1.265ಕ್ಕೆ ಕೂಡಿಸಿದರೆ 2.105, ಆರರಿಂದ ಗುಣಿಸಿದರೆ 12.63. ಮೀಟರ್ ಹಚ್ಚಿ ನೋಡಿದೆ, 12.64.

ಇನ್ನು ಎಲ್ಲಿ ಇಡುವುದು? ಕಳಚಿಟ್ಟ ಬ್ಯಾಟರಿಯೂ ತಿಂಗಳಿಗೆ ನೂರಕ್ಕೆ ಮೂರರಿಂದ ಐದರಷ್ಟು ತಾನಾಗಿಯೇ ಇಳಿಯುತ್ತದೆ. ಬಿಸಿಯೇರಿದಷ್ಟೂ ಬೇಗ, ಹತ್ತು ಡಿಗ್ರಿ ಹೆಚ್ಚಿದರೆ ಸುಮಾರು ಎರಡರಷ್ಟು. ನಾವು ಹೊರಟದ್ದು ಫೆಬ್ರವರಿಯ ಕೊನೆಗೆ, ಮುಂದೆ ಇಡೀ ಬೇಸಿಗೆ ಇತ್ತು. ಏಪ್ರಿಲ್‌ನಲ್ಲಿ ಮೈಸೂರಿನ ಬಿಸಿಲು 35 ಡಿಗ್ರಿ ಮುಟ್ಟಿದರೆ ಶೀಟು ಹೊದಿಸಿದ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಆದ್ದರಿಂದ ಕಾರಿನಲ್ಲೇ ಬಿಡುವುದು ಬೇಡವೆನಿಸಿತು. ಬರಿಯ ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ಮಾತನ್ನು ಅನೇಕರಿಂದ ಕೇಳಿದ್ದೇನೆ. ಹಳೆಯ ಕಾಲದ ಗಟ್ಟಿ ರಬ್ಬರಿನ ಪೆಟ್ಟಿಗೆಗಳಲ್ಲಿ ಅದು ನಿಜವಾಗಿತ್ತು, ತೇವ ಹಿಡಿದು ವಿದ್ಯುತ್ತು ಸೋರುತ್ತಿತ್ತು. ಈಗಿನ ಪಾಲಿಪ್ರೊಪಿಲೀನ್ ಪೆಟ್ಟಿಗೆಗೆ ಆ ಭಯವಿಲ್ಲ. ಆದರೂ ನಾನು ಹಲಗೆಯ ಮೇಲೆ ಪ್ಲಾಸ್ಟಿಕ್ ತಟ್ಟೆ ಹಾಕಿ ಇಡಲು ಹೇಳಿದೆ, ಆಮ್ಲ ಜಿನುಗಿದರೆ ನೆಲ ಉಳಿಯಲೆಂದು.

ಹೇಳಿದ್ದು ನನ್ನ ತಮ್ಮನಿಗೆ. ಅವನು ಮಂಡ್ಯದಲ್ಲಿದ್ದಾನೆ, ಹಳೆಯ ಹೆಂಚಿನ ಮನೆ, ಹಿಂಭಾಗದ ಕೊಟ್ಟಿಗೆ ಈಗ ಉಗ್ರಾಣ. ಕಿಟಕಿ ಇದೆ, ಬಿಸಿಲು ಬೀಳುವುದಿಲ್ಲ, ಚಿಕ್ಕ ಮಕ್ಕಳು ಹೋಗುವ ಜಾಗವಲ್ಲ. ಬೀಗ ಹಾಕಿದ ಮನೆಯಲ್ಲಿ ಚಾರ್ಜರ್ ಸಿಕ್ಕಿಸಿಯೇ ಬಿಟ್ಟು ಹೋಗಬಹುದಲ್ಲ ಎಂದರೆ, ಆಗುತ್ತದೆ, ಅದಕ್ಕೆಂದೇ ಮಾಡಿದ ಚಾರ್ಜರುಗಳಿವೆ. ಆದರೆ ಯಾರೂ ಇಲ್ಲದ ಮನೆಯಲ್ಲಿ ಆರು ತಿಂಗಳು ಪ್ಲಗ್ಗಿಗೆ ಒಂದು ಯಂತ್ರ ಸಿಕ್ಕಿಸಿ, ಅದರ ಪಕ್ಕದಲ್ಲಿ ಹೈಡ್ರೋಜನ್ ಬಿಡುವ ಪೆಟ್ಟಿಗೆ ಇಟ್ಟು ಹೋಗಲು ನಾನು ಸಿದ್ಧಳಿರಲಿಲ್ಲ. ನಾವು ಹೊರಡುವಾಗ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತೇವೆ.

ತಮ್ಮ ತನ್ನ ಕಾರಿನಲ್ಲಿ ಬಂದು ಒಯ್ದ. ಹಿಂದಿನ ಸೀಟಿನ ಕೆಳಗಿನ ನೆಲದಲ್ಲಿ, ಅಲುಗದಂತೆ ಎರಡು ಇಟ್ಟಿಗೆ ಒತ್ತುಕೊಟ್ಟು, ಎರಡೂ ಕಂಬಗಳಿಗೆ ರಬ್ಬರ್ ಟೋಪಿ ಹಾಕಿ, ಕಿಟಕಿ ತೆರೆದು. ಅವನಿಗೆ ಹೇಳಿದ್ದು ಇಷ್ಟೇ: ‘ಎರಡು ತಿಂಗಳಿಗೊಮ್ಮೆ ಮೀಟರ್ ಹಚ್ಚಿ ನೋಡು. 12.4ಕ್ಕೆ ಬರುವವರೆಗೂ ಕಾಯಬೇಡ, 12.5 ಆಯಿತೆಂದರೆ ರಾತ್ರಿ ಚಾರ್ಜಿಗೆ ಹಾಕು.’

‘ಅಕ್ಕ, ನಮ್ಮ ಟ್ರ್ಯಾಕ್ಟರ್ ಬ್ಯಾಟರಿಗೂ ಹೀಗೇ ಮಾಡಬಹುದೇ?’ ಎಂದು ಕೇಳಿದ. ಕಬ್ಬು ಸಾಗಿಸುವ ಕಾಲ ಮುಗಿದರೆ ಅವರ ಟ್ರ್ಯಾಕ್ಟರ್ ತಿಂಗಳುಗಟ್ಟಲೆ ನಿಂತಿರುತ್ತದೆ. ಮಾಡಲೇಬೇಕು ಎಂದೆ. ಆಂಪಿಯರ್ ದೊಡ್ಡದು, ಸಮಯ ಹೆಚ್ಚು ಬೇಕು, ಉಳಿದದ್ದೆಲ್ಲ ಇದೇ.

ಬ್ಯಾಟರಿ ತೆಗೆದ ಕಾರಿಗೂ ಕೆಲವು ಎಚ್ಚರಿಕೆ ಬೇಕು. ಸೆಂಟ್ರಲ್ ಲಾಕ್ ಕೆಲಸ ಮಾಡುವುದಿಲ್ಲ, ಪ್ರತಿ ಬಾಗಿಲನ್ನೂ ಕೈಯಿಂದ ಭದ್ರಪಡಿಸಬೇಕು. ಬಟನ್ ಒತ್ತಿ ತೆರೆಯುವ ಡಿಕ್ಕಿ ಇದ್ದರೆ ಅದೂ ತೆರೆಯದು, ಒಳಗೆ ಬೇಕಾದದ್ದನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು. ರಿಮೋಟ್ ಕೀಲಿಯೊಳಗೆ ಅಡಗಿರುವ ಲೋಹದ ಕೀಲಿ ಬಾಗಿಲು ತೆರೆಯುತ್ತದೆಯೇ ಎಂದು ಬ್ಯಾಟರಿ ತೆಗೆಯುವ ಮುನ್ನವೇ ಪರೀಕ್ಷಿಸಿಕೊಂಡೆ, ವರ್ಷಗಳಿಂದ ಬಳಸದ ಬೀಗ ಬಿಗಿದಿರುವ ಸಾಧ್ಯತೆ ಇರುತ್ತದೆ. ಹ್ಯಾಂಡ್‌ಬ್ರೇಕ್ ಬಿಟ್ಟು ಗೇರಿನಲ್ಲಿಟ್ಟು, ಚಕ್ರಕ್ಕೆ ಇಟ್ಟಿಗೆ ಕೊಟ್ಟೆ. ಟೈರಿಗೆ ಸ್ವಲ್ಪ ಹೆಚ್ಚು ಗಾಳಿ, ಟ್ಯಾಂಕ್ ತುಂಬ ಪೆಟ್ರೋಲ್. ಕೇಬಲ್ ತುದಿಗಳಿಗೆ ಒಣಬಟ್ಟೆ ಸುತ್ತಿ ಟೇಪ್ ಹಾಕಿದೆ.

ಮೇ ತಿಂಗಳಲ್ಲಿ ತಮ್ಮ ಫೋನ್ ಮಾಡಿದ, 12.49 ಬಂದಿದೆ ಎಂದು. ಆ ರಾತ್ರಿ ಚಾರ್ಜಿಗೆ ಹಾಕಿದ. ಮಳೆಗಾಲ ಹಿಡಿದ ಮೇಲೆ ಇಳಿಯುವುದು ನಿಧಾನವಾಯಿತಂತೆ. ಆಗಸ್ಟ್‌ನಲ್ಲಿ ನಾವು ಬಂದಾಗ ಅವನು ಇನ್ನೊಮ್ಮೆ ಚಾರ್ಜ್ ಮಾಡಿಯೇ ತಂದುಕೊಟ್ಟ. ಜೋಡಿಸುವ ಮುನ್ನ ಮೀಟರ್ ಹಚ್ಚಿದೆ, 12.62. ಪ್ಲಸ್ ಮೊದಲು, ಮೈನಸ್ ಆಮೇಲೆ, ಎರಡಕ್ಕೂ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಸೆಲ್ಫ್ ಮೊದಲ ಸಲಕ್ಕೇ ತೆಗೆದುಕೊಂಡಿತು. ಎಂಜಿನ್ ಓಡುತ್ತಿರುವಾಗ ನೋಡಿದರೆ 14.2 ವೋಲ್ಟ್, ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್ ಸರಿಯಾಗಿದೆ. ಐಡ್ಲಿಂಗ್ ಸ್ವಲ್ಪ ಹೊತ್ತು ಏರಿಳಿದು ತಾನೇ ಸರಿಹೋಯಿತು, ಗಡಿಯಾರ ಹೊಂದಿಸಬೇಕಾಯಿತು. ಡ್ರೈವರ್ ಕಡೆಯ ಕಿಟಕಿ ಒಂದೇ ಒತ್ತಿಗೆ ಮೇಲೇರುವುದನ್ನು ಮರೆತಿತ್ತು. ಪೂರ್ತಿ ಮೇಲೇರಿಸಿ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದ ಮೇಲೆ ಅದೂ ಮರಳಿತು.

ಈಗ ಎದುರು ಮನೆಯವರು ಮಗನ ಊರಿಗೆ ಹೊರಟಿದ್ದಾರೆ, ಚಾರ್ಜರ್ ಕೇಳಿದ್ದಾರೆ. ಅವರದು ಸಿಗ್ನಲ್ಲಿನಲ್ಲಿ ತಾನೇ ನಿಂತು ತಾನೇ ಸ್ಟಾರ್ಟ್ ಆಗುವ ಕಾರು. ಅಂಥವಕ್ಕೆ ಮತ್ತೆ ಮತ್ತೆ ಸ್ಟಾರ್ಟ್ ಆಗುವುದನ್ನು ತಾಳುವಂತೆ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಎಂಬ ಬಗೆಯ ಬ್ಯಾಟರಿ ಇರುತ್ತದೆ, ಎಜಿಎಂ ಆದರೆ ಚಾರ್ಜರಿನಲ್ಲಿ ಅದರದೇ ಆಯ್ಕೆ ಒತ್ತಬೇಕು. ಮೈನಸ್ ಕಂಬದ ಮೇಲೆ ಸೆನ್ಸರ್ ಕೂಡ ಇರಬಹುದು, ಅದನ್ನು ಎಳೆದು ಮುರಿಯಬಾರದು. ಬಾನೆಟ್ ತೆರೆದು ಬ್ಯಾಟರಿಯ ಮೇಲಿನ ಚೀಟಿಯ ಫೋಟೊ ತೆಗೆದು ಕಳುಹಿಸಿ ಎಂದಿದ್ದೇನೆ. ಅದು ಬಂದ ಮೇಲೆ, ಭಾನುವಾರ ಬೆಳಗ್ಗೆ ಅವರ ಪೋರ್ಟಿಕೋದಲ್ಲಿ ಕೆಲಸ ಶುರು ಮಾಡುತ್ತೇವೆ.